ಬರೂಕ್ ಬ್ಲಂಬರ್ಗ್ ಅವರ ಹೆಪಟೈಟಿಸ್ ಬಿ ಸಂಶೋಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲಿವರ್‌ಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದವರು ಯಾರು ಅಂತ ಹುಡುಕಿದರೆ ಬರೂಕ್ ಬ್ಲಂಬರ್ಗ್ ಅನ್ನುವ ಹೆಸರು ತಕ್ಷಣ ಸಿಗುತ್ತದೆ. ಆದರೆ ಅವರ ಪ್ರಬಂಧಗಳಲ್ಲಿ ನಿಜವಾಗಿ ಏನಿತ್ತು, ಯಾವುದು ಕಾಲಕ್ಕೆ ನಿಂತಿತು, ಯಾವುದು ಬಿದ್ದುಹೋಯಿತು ಅನ್ನುವುದನ್ನು ಹೇಳುವವರು ಕಮ್ಮಿ. ಲಸಿಕೆಯ ಬಗ್ಗೆ, ಲಿವರ್ ಕ್ಯಾನ್ಸರ್ ಬಗ್ಗೆ, ರಕ್ತ ಪರೀಕ್ಷೆಯ ವರದಿಯ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ನೆಲನೆಲ್ಲಿಯ ಪ್ರಶ್ನೆಯಂತೂ ಬಂದೇ ಬರುತ್ತದೆ. ಅದಕ್ಕೂ ಬ್ಲಂಬರ್ಗ್ ಅವರಿಗೂ ನೇರ ಸಂಬಂಧ ಇರುವುದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಬರೆದಿದ್ದೇನೆ.

ಬ್ಲಂಬರ್ಗ್ ಯಾರು?

ಅಮೆರಿಕದ ವೈದ್ಯ ವಿಜ್ಞಾನಿ. 1925ರ ಜುಲೈ 28ರಂದು ನ್ಯೂಯಾರ್ಕ್‌ನಲ್ಲಿ ಹುಟ್ಟಿದರು. ಮೊದಲು ಓದಿದ್ದು ಭೌತಶಾಸ್ತ್ರ, ಆಮೇಲೆ ಸ್ವಲ್ಪ ಕಾಲ ಗಣಿತ, ಕೊನೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ. ಆಕ್ಸ್‌ಫರ್ಡ್‌ನಲ್ಲಿ ಜೀವರಸಾಯನಶಾಸ್ತ್ರದ ಡಾಕ್ಟರೇಟ್ ಮಾಡಿದರು. 1957ರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ, 1964ರಿಂದ ಫಿಲಡೆಲ್ಫಿಯಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. 1976ರಲ್ಲಿ ವೈದ್ಯಕೀಯ ನೊಬೆಲ್. 1986ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಗೆ ಸಂದರ್ಶಕ ಪ್ರಾಧ್ಯಾಪಕರಾಗಿಯೂ ಬಂದಿದ್ದರು. 2011ರ ಏಪ್ರಿಲ್‌ನಲ್ಲಿ, ಕ್ಯಾಲಿಫೋರ್ನಿಯಾದ ನಾಸಾ ಕೇಂದ್ರವೊಂದರಲ್ಲಿ ಉಪನ್ಯಾಸ ಮುಗಿಸಿದ ಮೇಲೆ ತೀರಿಕೊಂಡರು.

ಅವರು ಲಿವರ್ ತಜ್ಞರಾಗಿದ್ದರಾ?

ಅಲ್ಲ. ಕಾಮಾಲೆ ವೈರಸ್ ಹುಡುಕಲು ಹೊರಟವರೂ ಅಲ್ಲ. ಅವರನ್ನು ಕಾಡುತ್ತಿದ್ದ ಪ್ರಶ್ನೆಯೇ ಬೇರೆ: ಒಂದೇ ರೋಗ ಒಬ್ಬರಿಗೆ ಬರುತ್ತದೆ, ಪಕ್ಕದಲ್ಲಿ ಇರುವವರಿಗೆ ಬರುವುದಿಲ್ಲ, ಯಾಕೆ? ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ ದಕ್ಷಿಣ ಅಮೆರಿಕದ ಸುರಿನಾಮ್‌ನ ಗಣಿ ಊರೊಂದರಲ್ಲಿ ಕೆಲವು ತಿಂಗಳು ಕೆಲಸ ಮಾಡಿದ್ದರು. ಅಲ್ಲಿ ಬೇರೆ ಬೇರೆ ಮೂಲದ ಜನ ಒಟ್ಟಿಗೆ ಬದುಕುತ್ತಿದ್ದರು. ಆನೆಕಾಲು ರೋಗ ಮಾತ್ರ ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಇರಲಿಲ್ಲ. ಹುಟ್ಟಿನಿಂದಲೇ ಬಂದ ಯಾವುದೋ ವ್ಯತ್ಯಾಸ ರಕ್ತದಲ್ಲಿ ಇರಬೇಕು ಅನ್ನುವ ಯೋಚನೆ ಅವರಿಗೆ ಅಲ್ಲಿಂದ ಹತ್ತಿಕೊಂಡಿತು. ಮುಂದೆ ಪ್ರಪಂಚದ ನಾನಾ ಕಡೆಯ ಜನರ ರಕ್ತದ ಮಾದರಿ ಕೂಡಿಹಾಕುತ್ತಾ ಹೋದರು.

ಹಾಗಾದರೆ ವೈರಸ್ ಸಿಕ್ಕಿದ್ದು ಹೇಗೆ?

ಪದೇ ಪದೇ ರಕ್ತ ಹಾಕಿಸಿಕೊಂಡ ರೋಗಿಗಳ ದಾರಿಯಲ್ಲಿ. ನಮ್ಮ ರಕ್ತದ ಪ್ರೋಟೀನುಗಳಲ್ಲಿ ಜನರಿಂದ ಜನರಿಗೆ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಹತ್ತಾರು ಜನರ ರಕ್ತ ಪಡೆದ ರೋಗಿಯ ದೇಹ ತನ್ನಲ್ಲಿಲ್ಲದ ಪ್ರೋಟೀನ್ ಕಂಡಾಗ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಅಂಥ ರೋಗಿಯ ಸೀರಮ್ (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ಹಿಡಿದು ಬೇರೆಯವರ ಸೀರಮ್‌ಗೆ ಎದುರಿಟ್ಟರೆ, ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಸುಳಿವು ಸಿಗಬೇಕು. ಇದು ಬ್ಲಂಬರ್ಗ್ ಅವರ ಲೆಕ್ಕಾಚಾರ. 1961ರ ಹೊತ್ತಿಗೆ ಆಂಟನಿ ಆಲಿಸನ್ ಜೊತೆ ಸೇರಿ ಇದೇ ದಾರಿಯಲ್ಲಿ ಕೊಬ್ಬು ಸಾಗಿಸುವ ಪ್ರೋಟೀನುಗಳ ಒಂದು ವ್ಯತ್ಯಾಸವನ್ನು ಹಿಡಿದೂ ಇದ್ದರು.

ಪರೀಕ್ಷೆ ನೋಡಲು ತುಂಬಾ ಸರಳ. ಗಾಜಿನ ಮೇಲೆ ಅಗರ್ ಜೆಲ್‌ನ ತೆಳುವಾದ ಪದರ. ನಡುವೆ ಒಂದು ಪುಟ್ಟ ಗುಳಿ, ಸುತ್ತ ಇನ್ನಷ್ಟು ಗುಳಿಗಳು. ನಡುವಿನ ಗುಳಿಗೆ ರೋಗಿಯ ಸೀರಮ್, ಸುತ್ತಲಿನವಕ್ಕೆ ಬೇರೆ ಬೇರೆ ಜನರ ಸೀರಮ್. ಎರಡೂ ಜೆಲ್‌ನಲ್ಲಿ ಮೆಲ್ಲಗೆ ಹರಡುತ್ತವೆ. ಪ್ರತಿಕಾಯವೂ ಅದು ಗುರುತಿಸುವ ಪ್ರೋಟೀನೂ ಎದುರಾದ ಕಡೆ ತೆಳ್ಳಗಿನ ಬಿಳಿ ಗೆರೆ ಮೂಡುತ್ತದೆ. ಗೆರೆ ಇಲ್ಲ ಅಂದರೆ ಪ್ರತಿಕ್ರಿಯೆ ಇಲ್ಲ.

1963ರಲ್ಲಿ, ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಕ್ತನಿಧಿಯಲ್ಲಿದ್ದ ಹಾರ್ವಿ ಆಲ್ಟರ್ ಅವರ ಜೊತೆ ಕೆಲಸ ಮಾಡುವಾಗ ಒಂದು ವಿಚಿತ್ರ ಗೆರೆ ಕಾಣಿಸಿತು. ಒಂದು ಕಡೆ ನ್ಯೂಯಾರ್ಕ್‌ನ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ರೋಗಿಯ ಸೀರಮ್. ಇನ್ನೊಂದು ಕಡೆ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ಸೀರಮ್. ಅದುವರೆಗೆ ಕಂಡಿದ್ದ ಗೆರೆಗಳಿಗೆ ಕೊಬ್ಬಿನ ಬಣ್ಣ ಹಾಕಿದರೆ ನೀಲಿಯಾಗಿ ಎದ್ದು ಕಾಣುತ್ತಿದ್ದವು. ಇದು ಆ ಬಣ್ಣ ಅಷ್ಟಾಗಿ ಹಿಡಿಯಲಿಲ್ಲ. ಪ್ರೋಟೀನಿನ ಬಣ್ಣ ಹಾಕಿದಾಗ ಕೆಂಪಗಾಯಿತು. ಅಂದರೆ ಇದು ಹಳೆಯ ಕೊಬ್ಬಿನ ಪ್ರೋಟೀನ್ ಅಲ್ಲ, ಬೇರೆ ಏನೋ. ಪ್ರತಿಕಾಯ ಗುರುತಿಸುವ ವಸ್ತುವಿಗೆ ಆಂಟಿಜನ್ ಅನ್ನುತ್ತಾರೆ, ಹಾಗಾಗಿ ಅದಕ್ಕೆ ಆಸ್ಟ್ರೇಲಿಯಾ ಆಂಟಿಜನ್ ಅಂತ ಹೆಸರಿಟ್ಟರು.

ಅಲ್ಲಿ ಕೈಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವರು ಬಿಡಲಿಲ್ಲ, ಸಾವಿರಾರು ಮಾದರಿಗಳ ಮೇಲೆ ಅದೇ ಪರೀಕ್ಷೆ ನಡೆಸಿದರು. ಅಮೆರಿಕದ ಆರೋಗ್ಯವಂತರಲ್ಲಿ ಸಾವಿರಕ್ಕೆ ಒಬ್ಬರಷ್ಟು ಅಪರೂಪ. ಏಷ್ಯಾ ಮತ್ತು ಪೆಸಿಫಿಕ್‌ನ ಹಲವು ಜನಸಮುದಾಯಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ರಕ್ತದ ಕ್ಯಾನ್ಸರ್ ಇರುವವರಲ್ಲೂ ಜಾಸ್ತಿ.

1965ರ ಪ್ರಬಂಧದ ಹೆಸರಿನಲ್ಲಿ ಲಿವರ್ ಅನ್ನುವ ಪದವೇ ಇಲ್ಲ ಅಂತಾರೆ. ನಿಜವೇ?

ನಿಜ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಆ ಪ್ರಬಂಧದ ಶೀರ್ಷಿಕೆ ಹೇಳಿದ್ದು ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್) ರೋಗಿಗಳ ಸೀರಮ್‌ನಲ್ಲಿ ಸಿಕ್ಕ ‘ಹೊಸ’ ಆಂಟಿಜನ್ ಬಗ್ಗೆ. ಬರೆದವರು ಬ್ಲಂಬರ್ಗ್, ಆಲ್ಟರ್ ಮತ್ತು ವಿಸ್ನಿಚ್. ಈಗ ಹಿಂತಿರುಗಿ ನೋಡಿದರೆ ಕಾರಣ ಸುಲಭವಾಗಿ ಕಾಣುತ್ತದೆ: ಲ್ಯುಕೀಮಿಯಾ ರೋಗಿಗಳಿಗೆ ರಕ್ತ ಹಾಕುತ್ತಾರೆ, ಆ ರಕ್ತದಿಂದ ವೈರಸ್ ಬರುತ್ತದೆ, ಅವರ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ ಅದು ದೇಹದಲ್ಲೇ ಉಳಿದುಬಿಡುತ್ತದೆ. ಆದರೆ ಆಗ ಅದು ಗೊತ್ತಿರಲಿಲ್ಲ. ಈ ಆಂಟಿಜನ್ ಹುಟ್ಟಿನಿಂದ ಬರುವ ಗುಣ, ಅದು ಇರುವವರಿಗೆ ಲ್ಯುಕೀಮಿಯಾ ಬರುವ ಸಾಧ್ಯತೆ ಹೆಚ್ಚು ಇರಬಹುದು ಅನ್ನುವುದು ಅವರು ಹಿಡಿದಿದ್ದ ಎಳೆ. ಫಿಲಿಪೀನ್ಸ್‌ನ ಸೆಬುವಿನಲ್ಲಿ ಮಾಡಿದ ಅಧ್ಯಯನದಲ್ಲಿ ಅದು ಕೆಲವು ಕುಟುಂಬಗಳಲ್ಲೇ ಗುಂಪಾಗಿ ಕಂಡಿದ್ದರಿಂದ ಆನುವಂಶಿಕ ಅನ್ನುವ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಕುಟುಂಬದೊಳಗೆ ಸೋಂಕು ತಾಯಿಯಿಂದ ಮಗುವಿಗೆ ದಾಟಿದರೂ ಹೊರಗಿನಿಂದ ನೋಡುವವರಿಗೆ ಆನುವಂಶಿಕತೆಯ ಹಾಗೇ ಕಾಣುತ್ತದೆ ಅಲ್ವಾ?

ಮತ್ತೆ ಲಿವರ್‌ಗೂ ಇದಕ್ಕೂ ಸಂಬಂಧ ಇದೆ ಅಂತ ಗೊತ್ತಾಗಿದ್ದು ಯಾವಾಗ?

1966 ಮತ್ತು 1967ರಲ್ಲಿ. ಈ ಎರಡು ವರ್ಷದ ಕಥೆಯೇ ಬ್ಲಂಬರ್ಗ್ ಅವರ ಎಲ್ಲ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ.

ತಮ್ಮ ಊಹೆ ಸರಿಯೋ ಅಂತ ನೋಡಲು ಅವರು ಒಂದು ಪರೀಕ್ಷೆ ಒಡ್ಡಿದರು. ಡೌನ್ ಸಿಂಡ್ರೋಮ್ ಇರುವವರಿಗೆ ಲ್ಯುಕೀಮಿಯಾ ಬರುವ ಅಪಾಯ ಉಳಿದವರಿಗಿಂತ ಹೆಚ್ಚು. ಊಹೆ ಸರಿಯಿದ್ದರೆ ಲ್ಯುಕೀಮಿಯಾ ಬರುವ ಮೊದಲೇ ಅವರಲ್ಲಿ ಆಸ್ಟ್ರೇಲಿಯಾ ಆಂಟಿಜನ್ ಹೆಚ್ಚಾಗಿ ಕಾಣಬೇಕು. ಪರೀಕ್ಷಿಸಿದರು. ದೊಡ್ಡ ಆಶ್ರಯಧಾಮಗಳಲ್ಲಿದ್ದವರಲ್ಲಿ ಹೆಚ್ಚುಕಡಿಮೆ 30 ಶೇಕಡಾ ಜನರಲ್ಲಿ ಸಿಕ್ಕಿತು! ಊಹೆ ನಿಜವಾಯಿತು ಅಂತ ಕುಣಿಯಬಹುದಿತ್ತು. ಆದರೆ ಅವರು ಇನ್ನೂ ಒಂದು ಹೆಜ್ಜೆ ಹೋಗಿ, ಎಲ್ಲಿ ಇರುವವರಲ್ಲಿ ಎಷ್ಟು ಅಂತ ನೋಡಿದರು. ಸಣ್ಣ ಧಾಮಗಳಲ್ಲಿ ಕಮ್ಮಿ. ಮನೆಯಲ್ಲೇ ಬೆಳೆದವರಲ್ಲಿ ಇನ್ನೂ ಕಮ್ಮಿ. ಆಗಷ್ಟೇ ಹುಟ್ಟಿದ ಡೌನ್ ಸಿಂಡ್ರೋಮ್ ಶಿಶುಗಳಲ್ಲಿ ಇಲ್ಲವೇ ಇಲ್ಲ. ಹುಟ್ಟಿನಿಂದ ಬರುವ ಗುಣ ಹೀಗಿರುವುದಿಲ್ಲ. ಜನ ಒತ್ತೊತ್ತಾಗಿ ಇದ್ದಷ್ಟೂ ಜಾಸ್ತಿಯಾಗುವುದು ಸೋಂಕು.

ಅಷ್ಟರಲ್ಲಿ ಡೌನ್ ಸಿಂಡ್ರೋಮ್ ಇದ್ದ ಒಬ್ಬ ವ್ಯಕ್ತಿಯ ಫಲಿತಾಂಶ ಬದಲಾಯಿತು. ಮೊದಲ ಸಲ ಆಂಟಿಜನ್ ಇರಲಿಲ್ಲ, ಎರಡನೇ ಸಲ ಇತ್ತು. ಹುಟ್ಟುಗುಣ ನಡುವೆ ಬಂದು ಸೇರುವುದಿಲ್ಲವಲ್ಲ. ಅವನನ್ನು ಆಸ್ಪತ್ರೆಗೆ ಸೇರಿಸಿ ಬಗೆಬಗೆಯ ಪರೀಕ್ಷೆ ಮಾಡಿದರು. ಲಿವರ್ ಕಿಣ್ವ ಎಸ್‌ಜಿಪಿಟಿ ಏರಿತ್ತು. ಲಿವರ್‌ನ ಚೂರು ತೆಗೆದು ನೋಡಿದಾಗ ಹೆಪಟೈಟಿಸ್ ಕಂಡಿತು.

1967ರ ಏಪ್ರಿಲ್‌ನಲ್ಲಿ ಇನ್ನೊಂದು ಘಟನೆ. ಲ್ಯಾಬ್‌ನಲ್ಲಿ ದಿನವೂ ಈ ಸೀರಮ್‌ಗಳನ್ನು ಮುಟ್ಟುತ್ತಿದ್ದ ತಂತ್ರಜ್ಞೆಗೆ ಮೈ ಹುಷಾರಿಲ್ಲದಂತಾಯಿತು. ಕಾಮಾಲೆ ಇರಬಹುದು ಅಂತ ಅನುಮಾನ ಬಂದು, ಸಂಜೆ ತಮ್ಮ ಸೀರಮ್ಮನ್ನೇ ಜೆಲ್‌ಗೆ ಹಾಕಿದರು. ಬೆಳಗಾಗುವ ಹೊತ್ತಿಗೆ ಮಸುಕಾದ, ಆದರೆ ಸ್ಪಷ್ಟವಾಗಿ ಕಾಣುವ ಗೆರೆ ಮೂಡಿತ್ತು. ಆಮೇಲೆ ಕಣ್ಣು ಹಳದಿಯಾಯಿತು. ಪುಣ್ಯಕ್ಕೆ ಚೇತರಿಸಿಕೊಂಡರು. ಆಸ್ಟ್ರೇಲಿಯಾ ಆಂಟಿಜನ್ ಪರೀಕ್ಷೆಯಿಂದ ಪತ್ತೆಯಾದ ಮೊದಲ ಹೆಪಟೈಟಿಸ್ ಅದು.

ಅದೇ ವರ್ಷ ಬಂದ ಪ್ರಬಂಧದ ಶೀರ್ಷಿಕೆಯಲ್ಲಿ ಡೌನ್ ಸಿಂಡ್ರೋಮ್ ಮತ್ತು ಲ್ಯುಕೀಮಿಯಾ ಪಕ್ಕದಲ್ಲಿ ಹೆಪಟೈಟಿಸ್ ಸೇರಿಕೊಂಡಿತು.

ಬೇರೆ ವಿಜ್ಞಾನಿಗಳು ತಕ್ಷಣ ಒಪ್ಪಿದರಾ?

ಸುಮ್ನೆ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಹೆಪಟೈಟಿಸ್ ವೈರಸ್ ಸಿಕ್ಕಿತು ಅಂತ ಅದಕ್ಕೂ ಮುಂಚೆ ಎಷ್ಟೋ ಜನ ಹೇಳಿ, ಆಮೇಲೆ ಸುಳ್ಳಾಗಿತ್ತು. ಒಪ್ಪಿಗೆ ಬಂದದ್ದು ಬೇರೆ ಲ್ಯಾಬ್‌ಗಳಿಂದ. ನ್ಯೂಯಾರ್ಕ್‌ನಲ್ಲಿ ಆಲ್‌ಫ್ರೆಡ್ ಪ್ರಿನ್ಸ್, ಟೋಕಿಯೊದಲ್ಲಿ ಕಝುವೊ ಒಕೋಚಿ ತಮ್ಮ ತಮ್ಮ ದಾರಿಯಲ್ಲೇ ಅದೇ ತೀರ್ಮಾನಕ್ಕೆ ಬಂದರು. ಈ ಆಂಟಿಜನ್ ಇರುವ ರಕ್ತ ಹಾಕಿದರೆ ರೋಗಿಗೆ ಹೆಪಟೈಟಿಸ್ ಬರುತ್ತದೆ ಅಂತ ಒಕೋಚಿ ತೋರಿಸಿದರು. 1970ರಲ್ಲಿ ಲಂಡನ್‌ನ ಡೇವಿಡ್ ಡೇನ್ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 42 ನ್ಯಾನೊಮೀಟರ್ ಅಗಲದ ಪೂರ್ತಿ ವೈರಸ್ ಕಣವನ್ನು ನೋಡಿದರು. ಅದಕ್ಕೂ ಮೊದಲು, 1968ರಲ್ಲಿ, ಬ್ಲಂಬರ್ಗ್ ತಂಡ ಕಂಡಿದ್ದ ಸಣ್ಣ ಕಣಗಳು ವೈರಸ್ ಅಲ್ಲ, ಅದರ ಖಾಲಿ ಹೊರಕವಚ ಮಾತ್ರ ಅನ್ನುವುದು ಆಮೇಲೆ ಸ್ಪಷ್ಟವಾಯಿತು. ಆ ಕವಚದ ಪ್ರೋಟೀನೇ ಆಸ್ಟ್ರೇಲಿಯಾ ಆಂಟಿಜನ್. ಇವತ್ತು ನಿಮ್ಮ ರಕ್ತ ಪರೀಕ್ಷೆಯ ವರದಿಯಲ್ಲಿ ಎಚ್‌ಬಿಎಸ್‌ಎಜಿ ಅಂತ ಬರೆದಿರುವುದು ಇದನ್ನೇ.

ಇದರಿಂದ ಮೊದಲು ಲಾಭ ಆಗಿದ್ದು ಯಾರಿಗೆ?

ರಕ್ತ ಹಾಕಿಸಿಕೊಳ್ಳುವವರಿಗೆ. 1970ರ ದಶಕದ ಆರಂಭದಲ್ಲೇ ಅಮೆರಿಕದಲ್ಲಿ ದಾನಿಗಳ ರಕ್ತವನ್ನು ಈ ಆಂಟಿಜನ್‌ಗಾಗಿ ಪರೀಕ್ಷಿಸುವುದು ಕಡ್ಡಾಯವಾಯಿತು. ಕ್ರಮೇಣ ಉಳಿದ ದೇಶಗಳಲ್ಲೂ.

ಲಸಿಕೆ ಮಾಡಿದ್ದು ಅವರೇನಾ?

ಉಪಾಯ ಅವರದು, ತಯಾರಿಕೆ ಬೇರೆಯವರದು. ವೈರಸ್ಸಿನ ವಾಹಕರ, ಅಂದರೆ ವೈರಸ್ ದೇಹದಲ್ಲೇ ಉಳಿದುಬಿಟ್ಟವರ, ರಕ್ತದಲ್ಲಿ ಪೂರ್ತಿ ವೈರಸ್‌ಗಿಂತ ಖಾಲಿ ಕವಚಗಳು ಎಷ್ಟೋ ಪಟ್ಟು ಜಾಸ್ತಿ ಇರುತ್ತವೆ. ಕವಚದಲ್ಲಿ ಡಿಎನ್‌ಎ ಇಲ್ಲ, ಹಾಗಾಗಿ ಅದು ರೋಗ ತರಲಾರದು. ಆದರೆ ದೇಹ ಅದನ್ನು ಗುರುತಿಟ್ಟುಕೊಂಡು ಪ್ರತಿಕಾಯ ತಯಾರಿಸುತ್ತದೆ. ರಕ್ತದಿಂದ ಈ ಕವಚಗಳನ್ನು ಬೇರ್ಪಡಿಸಿ ಲಸಿಕೆ ಮಾಡಬಹುದು ಅಂತ ಬ್ಲಂಬರ್ಗ್ ಮತ್ತು ಅರ್ವಿಂಗ್ ಮಿಲ್‌ಮನ್ 1969ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಆ ಹೊತ್ತಿಗೆ ಈ ವೈರಸ್ಸನ್ನು ಲ್ಯಾಬ್‌ನಲ್ಲಿ ಬೆಳೆಸಲು ಯಾರಿಗೂ ಬರುತ್ತಿರಲಿಲ್ಲ. ಬೆಳೆಸಲು ಬಾರದ ವೈರಸ್‌ಗೆ ಲಸಿಕೆ ಮಾಡುವ ಯೋಚನೆ ಎಷ್ಟು ಧೈರ್ಯದ್ದು ಅಂತ ಈಗ ನಮಗೆ ಅಂದಾಜಾಗುವುದು ಕಷ್ಟ.

ಮರ್ಕ್ ಕಂಪನಿಯಲ್ಲಿ ಮಾರಿಸ್ ಹಿಲ್‌ಮನ್ ಅದನ್ನು ನಿಜ ಮಾಡಿದರು. ಪೆಪ್ಸಿನ್, ಯೂರಿಯಾ, ಫಾರ್ಮಲಿನ್ ಮೂರರಿಂದಲೂ ಸಂಸ್ಕರಿಸಿ, ಬದುಕಿರುವ ವೈರಸ್ ಯಾವುದೂ ಉಳಿಯದಂತೆ ನೋಡಿಕೊಂಡರು. ನ್ಯೂಯಾರ್ಕ್‌ನಲ್ಲಿ ವುಲ್ಫ್ ಶ್ಮುನೆಸ್ 1,083 ಸಲಿಂಗಿ ಪುರುಷರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 1980ರಲ್ಲಿ ಬಂತು. ಅರ್ಧ ಜನರಿಗೆ ಲಸಿಕೆ, ಅರ್ಧ ಜನರಿಗೆ ಪ್ಲಸೀಬೊ, ಅಂದರೆ ಮದ್ದಿಲ್ಲದ ಹುಸಿ ಚುಚ್ಚುಮದ್ದು. ಸೋಂಕು 90 ಶೇಕಡಾಕ್ಕಿಂತ ಹೆಚ್ಚು ಇಳಿದಿತ್ತು. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 1986ರಲ್ಲಿ ಯೀಸ್ಟ್‌ನಲ್ಲಿ ಅದೇ ಕವಚದ ಪ್ರೋಟೀನ್ ತಯಾರಿಸುವ ಹೊಸ ಲಸಿಕೆ ಬಂತು. ಅಲ್ಲಿಂದ ಮುಂದೆ ಮನುಷ್ಯರ ರಕ್ತ ಬಳಸುವ ಅಗತ್ಯವೇ ಇರಲಿಲ್ಲ.

ಈ ಲಸಿಕೆ ಲಿವರ್ ಕ್ಯಾನ್ಸರ್ ತಡೆಯುತ್ತದೆ ಅನ್ನುವುದು ಉತ್ಪ್ರೇಕ್ಷೆ ಅಲ್ವಾ?

ಅಲ್ಲ. ಇದಕ್ಕೆ ಇರುವಷ್ಟು ಗಟ್ಟಿ ಆಧಾರ ವೈದ್ಯಕೀಯದಲ್ಲಿ ಎಲ್ಲದಕ್ಕೂ ಸಿಗುವುದಿಲ್ಲ.

1970ರ ದಶಕದಲ್ಲಿ ಬ್ಲಂಬರ್ಗ್ ಮತ್ತು ಅವರ ಸಹೋದ್ಯೋಗಿ ಥಾಮಸ್ ಲಂಡನ್ ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಲಿವರ್ ಕ್ಯಾನ್ಸರ್ ರೋಗಿಗಳನ್ನು ಅಧ್ಯಯನ ಮಾಡುವವರ ಜೊತೆ ಕೈಜೋಡಿಸಿದರು. ರೋಗಿಗಳ ತಾಯಂದಿರಲ್ಲಿ ವೈರಸ್ ವಾಹಕರು ಎದ್ದು ಕಾಣುವಷ್ಟು ಹೆಚ್ಚಿದ್ದರು. ಬಾಲ್ಯದಲ್ಲೇ ತಾಯಿಯಿಂದ ಬಂದ ಸೋಂಕು, ದಶಕಗಳ ಕಾಲ ಉಳಿದು, ಕೊನೆಗೆ ಕ್ಯಾನ್ಸರ್ ಆಗುತ್ತದೆ ಅನ್ನುವ ಚಿತ್ರ ಮೂಡತೊಡಗಿತು. ಆದರೆ ಕ್ಯಾನ್ಸರ್ ಬಂದ ಮೇಲೆ ವೈರಸ್ ಬಂತೋ, ವೈರಸ್ ಬಂದ ಮೇಲೆ ಕ್ಯಾನ್ಸರ್ ಬಂತೋ ಅನ್ನುವ ಪ್ರಶ್ನೆ ಉಳಿದಿತ್ತು.

ಅದಕ್ಕೆ ಉತ್ತರ ಬಂದದ್ದು ತೈವಾನ್‌ನಿಂದ. ಪಾಮರ್ ಬೀಸ್ಲಿ ತಂಡ 22,707 ಗಂಡಸರ ರಕ್ತ ಪರೀಕ್ಷಿಸಿ, ಯಾರು ವಾಹಕರು ಅಂತ ಮೊದಲೇ ಬರೆದಿಟ್ಟುಕೊಂಡು, ವರ್ಷಗಟ್ಟಲೆ ಕಾಯಿತು. 1981ರ ವರದಿಯ ಹೊತ್ತಿಗೆ ಲಿವರ್ ಕ್ಯಾನ್ಸರ್‌ನಿಂದ 41 ಜನ ಸತ್ತಿದ್ದರು. ಅವರಲ್ಲಿ 40 ಜನ ವಾಹಕರು. ಒಟ್ಟು ಜನರಲ್ಲಿ ವಾಹಕರು ಇದ್ದದ್ದು 3,454 ಮಾತ್ರ ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ವಾಹಕರಿಗೆ ಅಪಾಯ 223 ಪಟ್ಟು ಅಂತ ಲೆಕ್ಕ ಬಂತು.

ತೈವಾನ್ 1984ರಲ್ಲಿ ವಾಹಕ ತಾಯಂದಿರ ಶಿಶುಗಳಿಗೆ, 1986ರಿಂದ ಎಲ್ಲ ಶಿಶುಗಳಿಗೆ ಲಸಿಕೆ ಕೊಡಲು ಶುರು ಮಾಡಿತು. 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ 1981ರಿಂದ 86ರ ನಡುವೆ ಲಕ್ಷಕ್ಕೆ 0.70 ಇತ್ತು. 1990ರಿಂದ 94ರ ಹೊತ್ತಿಗೆ 0.36ಕ್ಕೆ, ಅಂದರೆ ಅರ್ಧಕ್ಕೆ ಇಳಿಯಿತು. ಇದು 1997ರಲ್ಲಿ ಪ್ರಕಟವಾಯಿತು. ಒಂದು ಲಸಿಕೆಯಿಂದ ಮನುಷ್ಯರ ಕ್ಯಾನ್ಸರ್ ಇಳಿದದ್ದನ್ನು ಜಗತ್ತು ಅಂಕಿಯಲ್ಲಿ ನೋಡಿದ್ದು ಅದೇ ಮೊದಲು. ಆ ಸಂಖ್ಯೆಗಳ ಹಿಂದೆ ಬದುಕುಳಿದ ಮಕ್ಕಳಿದ್ದಾರೆ.

ಹುಟ್ಟಿದ 24 ಗಂಟೆಯೊಳಗೇ ಲಸಿಕೆ ಯಾಕೆ? ಮಗು ಸ್ವಲ್ಪ ಬಲಿತ ಮೇಲೆ ಕೊಟ್ಟರೆ ಆಗದೇ?

ಆಗದು. ವೈರಸ್ ತಾಯಿಯಿಂದ ಮಗುವಿಗೆ ದಾಟುವುದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ. ದೊಡ್ಡವರಿಗೆ ಸೋಂಕು ತಗುಲಿದರೆ 95 ಶೇಕಡಾಕ್ಕಿಂತ ಹೆಚ್ಚು ಜನರ ದೇಹ ಅದನ್ನು ತಾನೇ ಓಡಿಸುತ್ತದೆ. ಶಿಶುಗಳಲ್ಲಿ ಲೆಕ್ಕ ತಿರುಗುಮುರುಗು: ಹೆಚ್ಚುಕಡಿಮೆ ಎಲ್ಲರಲ್ಲೂ ವೈರಸ್ ಉಳಿದುಬಿಡುತ್ತದೆ, ಜೀವನಪೂರ್ತಿ. ಹಾಗಾಗಿ ಮೊದಲ ದಿನದ ಆ ಒಂದು ಚುಚ್ಚುಮದ್ದನ್ನು ಯಾವ ಕಾರಣಕ್ಕೂ ಮುಂದೂಡಬೇಡಿ. ತಾಯಿ ವಾಹಕಳಾಗಿದ್ದರೆ ಲಸಿಕೆ ಜೊತೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಕೊಡುತ್ತಾರೆ. ವೈರಸ್ ಪ್ರಮಾಣ ಜಾಸ್ತಿ ಇದ್ದರೆ ಬಸಿರಿನ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಮಾತ್ರೆಯೂ ಉಂಟು.

ಬ್ಲಂಬರ್ಗ್ ಅವರೇ ನೆಲನೆಲ್ಲಿ ಹೆಪಟೈಟಿಸ್ ಬಿ ವಾಸಿ ಮಾಡುತ್ತದೆ ಅಂತ ಬರೆದಿದ್ದಾರಂತೆ. ಹೌದಾ?

ಅವರ ಹೆಸರಿರುವ ಪ್ರಬಂಧ ಇದೆ, ಹೌದು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಈ ಅರ್ಧ ಕಥೆಯನ್ನು ನಂಬಿ ಮಾತ್ರೆ ಬಿಟ್ಟವರು ಇರುವುದರಿಂದ ಪೂರ್ತಿ ಹೇಳಲೇಬೇಕು.

ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುವುದು ನಮ್ಮ ಕಡೆ ಹಳೆಯ ರೂಢಿ. ಕಿರುನೆಲ್ಲಿ ಅಂತಲೂ ಕರೆಯುತ್ತಾರೆ. ತಮಿಳುನಾಡಿನಲ್ಲೂ ಅದೇ ರೂಢಿ ಇದೆ. ಬ್ಲಂಬರ್ಗ್ ಇಂಥ ತಿಳಿವಳಿಕೆಯನ್ನು ಹಗುರವಾಗಿ ಕಂಡವರಲ್ಲ. 1987ರಲ್ಲಿ ವೆಂಕಟೇಶ್ವರನ್ ಮತ್ತು ಮಿಲ್‌ಮನ್ ಜೊತೆ ಸೇರಿ ಈ ಗಿಡದ ಸಾರವನ್ನು ಪರೀಕ್ಷಾ ನಾಳದಲ್ಲೂ, ಇದೇ ಜಾತಿಯ ವೈರಸ್ ಇರುವ ವುಡ್‌ಚಕ್ ಅನ್ನುವ ಪ್ರಾಣಿಗಳಲ್ಲೂ ಪ್ರಯೋಗಿಸಿ, ವೈರಸ್ ಮೇಲೆ ಪರಿಣಾಮ ಕಂಡಿದೆ ಅಂತ ಪ್ರಕಟಿಸಿದರು. 1988ರಲ್ಲಿ ಮದ್ರಾಸ್‌ನ ತ್ಯಾಗರಾಜನ್ ತಂಡದ ಜೊತೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮನುಷ್ಯರ ಮೇಲಿನ ಪ್ರಯೋಗದ ಫಲಿತಾಂಶ ಬಂತು. ಒಣಗಿಸಿ ಪುಡಿ ಮಾಡಿದ ಗಿಡ, 200 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 30 ದಿನ. ಗಿಡ ತೆಗೆದುಕೊಂಡ 37 ವಾಹಕರಲ್ಲಿ 22 ಜನರ ರಕ್ತದಿಂದ ಆಂಟಿಜನ್ ಹೋಗಿತ್ತು. ಪ್ಲಸೀಬೊ ತೆಗೆದುಕೊಂಡ 23 ಜನರಲ್ಲಿ ಒಬ್ಬರಲ್ಲಿ ಮಾತ್ರ.

ಓದಿದವರಿಗೆ ಆಸೆ ಹುಟ್ಟದೇ ಇರುತ್ತದೆಯೇ? ಜಗತ್ತಿನ ಕೋಟ್ಯಂತರ ವಾಹಕರಿಗೆ ಬೇಲಿ ಬದಿಯಲ್ಲಿ ಬೆಳೆಯುವ ಗಿಡವೇ ಮದ್ದಾದರೆ ಇನ್ನೇನು ಬೇಕು. ಹಾಗಾಗಿಯೇ ಬೇರೆ ತಂಡಗಳು ಅದನ್ನು ಮತ್ತೆ ಪರೀಕ್ಷಿಸಿದವು. 1990ರಲ್ಲಿ ಥಾಯ್ಲೆಂಡ್‌ನ ತಂಡ ಅದೇ ಲ್ಯಾನ್ಸೆಟ್‌ನಲ್ಲಿ ಬರೆಯಿತು: ವಾಹಕರ ರಕ್ತದಿಂದ ಆಂಟಿಜನ್ ತೆಗೆಯುವಲ್ಲಿ ಗಿಡ ಸೋತಿದೆ. ಮುಂದಿನ ಪ್ರಯೋಗಗಳಲ್ಲೂ ಮದ್ರಾಸ್‌ನ ಆ ಫಲಿತಾಂಶ ಮರಳಿ ಬರಲಿಲ್ಲ. 2011ರಲ್ಲಿ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ಜರಡಿ ಹಿಡಿದ ಕಾಕ್ರೇನ್ ಸಮೀಕ್ಷೆ, ಪ್ಲಸೀಬೊಗಿಂತ ಇದು ಮೇಲು ಅನ್ನಲು ನಂಬುವಂಥ ಆಧಾರ ಇಲ್ಲ ಅಂತ ಹೇಳಿತು.

ಮೊದಲ ಪ್ರಯೋಗದಲ್ಲಿ ಯಾಕೆ ಅಷ್ಟು ಚೆನ್ನಾಗಿ ಬಂತು? ಜನ ಕಮ್ಮಿ ಇದ್ದರು, ನಡುವೆ ಬಿಟ್ಟುಹೋದವರೂ ಇದ್ದರು, ಗಮನಿಸಿದ ಅವಧಿಯೂ ಚಿಕ್ಕದು. ಇಂಥ ಕಡೆ ಫಲಿತಾಂಶ ಆಚೀಚೆ ವಾಲುವುದು ಸುಲಭ. ಇದರಲ್ಲಿ ಯಾರ ಮೋಸವೂ ಇಲ್ಲ. 1965ರ ಲ್ಯುಕೀಮಿಯಾ ಊಹೆಯೂ ಹೀಗೇ ಬಿತ್ತಲ್ಲ. ಸೋಂಕಿನ ವಿಷಯ ಒಕೋಚಿ, ಪ್ರಿನ್ಸ್, ಡೇನ್, ಬೀಸ್ಲಿ ಕೈಯಲ್ಲಿ ಹಾದು ಇನ್ನಷ್ಟು ಗಟ್ಟಿಯಾಯಿತು, ಗಿಡದ ವಿಷಯ ಬೇರೆಯವರ ಕೈಗೆ ಹೋದಾಗ ಕರಗಿತು. ನೊಬೆಲ್ ಪಡೆದವರು ಬರೆದದ್ದು ಅನ್ನುವ ಕಾರಣಕ್ಕೆ ಎರಡನ್ನೂ ಒಂದೇ ಸಮ ನಂಬುವುದು ಸರಿಯಲ್ಲ.

ಆದರೆ ನೆಲನೆಲ್ಲಿ ಕುಡಿದು ಕಾಮಾಲೆ ವಾಸಿಯಾದವರನ್ನು ನಾನೇ ನೋಡಿದ್ದೇನಲ್ಲ?

ನೋಡಿರುತ್ತೀರಿ. ಹೆಪಟೈಟಿಸ್ ಎ ಮತ್ತು ಇ ಯಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ದೊಡ್ಡವರಲ್ಲಿ ಹೊಸದಾಗಿ ಬಂದ ಹೆಪಟೈಟಿಸ್ ಬಿ ಕೂಡ ಹಾಗೇ. ಆ ದಿನಗಳಲ್ಲಿ ಏನು ಕುಡಿದಿದ್ದರೂ ಅದಕ್ಕೇ ಹೆಸರು ಬರುತ್ತದೆ. ದೀರ್ಘಕಾಲದ ಹೆಪಟೈಟಿಸ್ ಬಿ ಬೇರೆ ವಿಷಯ. ಅದು ಕಣ್ಣು ಹಳದಿ ಮಾಡದೆ, ನೋವಿಲ್ಲದೆ, ವರ್ಷಗಟ್ಟಲೆ ಲಿವರ್ ಕೆಡಿಸುತ್ತದೆ. ನೀವು ವೈರಸ್ ತಡೆಯುವ ಟೆನೊಫೊವಿರ್ ಅಥವಾ ಎಂಟೆಕವಿರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಯಾವ ಗಿಡಮೂಲಿಕೆಗೂ ಅದನ್ನು ನಿಲ್ಲಿಸಬೇಡಿ. ದಿಢೀರನೆ ನಿಲ್ಲಿಸಿದರೆ ವೈರಸ್ ಒಮ್ಮೆಲೇ ಕೆರಳಿ ಲಿವರ್ ಕೈಕೊಡಬಹುದು.

ಹೆಪಟೈಟಿಸ್ ಬಿ ಇರುವ ತಂದೆತಾಯಿಗೆ ಗಂಡುಮಕ್ಕಳೇ ಹೆಚ್ಚು ಅಂತಲೂ ಅವರು ಬರೆದಿದ್ದರಾ?

ಅವರ ತಂಡ ಗ್ರೀಸ್‌ನ ಒಂದು ಊರಿನಲ್ಲಿ ಹಾಗೆ ಕಂಡಿದ್ದನ್ನು 1978ರಲ್ಲಿ ಪ್ರಕಟಿಸಿತ್ತು. 2005ರಲ್ಲಿ ಅರ್ಥಶಾಸ್ತ್ರಜ್ಞೆ ಎಮಿಲಿ ಆಸ್ಟರ್ ಇಂಥ ಅಧ್ಯಯನಗಳನ್ನು ಹಿಡಿದು, ಏಷ್ಯಾದಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಕಮ್ಮಿ ಇರುವುದಕ್ಕೆ ಹೆಪಟೈಟಿಸ್ ಬಿ ದೊಡ್ಡ ಕಾರಣ ಇರಬಹುದು ಅಂತ ವಾದಿಸಿದರು. ತೈವಾನ್‌ನ 30 ಲಕ್ಷ ಜನನಗಳ ದಾಖಲೆ ನೋಡಿದ ಸಂಶೋಧಕರಿಗೆ ತಾಯಂದಿರ ಸೋಂಕಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಸ್ಟರ್ ಅವರೇ ಚೀನಾದಲ್ಲಿ ಹೊಸ ಅಧ್ಯಯನ ಮಾಡಿ, ತಮ್ಮ ಮೊದಲ ವಾದ ನಿಲ್ಲುವುದಿಲ್ಲ ಅಂತ 2008ರಲ್ಲಿ ಬರೆದರು. ಹೆಣ್ಣುಮಕ್ಕಳು ಕಮ್ಮಿಯಾಗಿರುವುದಕ್ಕೆ ವೈರಸ್ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ.

ನನ್ನ ವರದಿಯಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದಿದೆ. ಏನು ಮಾಡಲಿ?

ಮೊದಲು, ಹೆದರಿ ಕೂರಬೇಡಿ. ವೈರಸ್ ಈಗ ದೇಹದಲ್ಲಿದೆ ಅನ್ನುವುದಷ್ಟೇ ಇದರ ಅರ್ಥ. ಲಿವರ್ ಎಷ್ಟು ಕೆಟ್ಟಿದೆ ಅಂತ ಇದೊಂದರಿಂದ ಗೊತ್ತಾಗುವುದಿಲ್ಲ. ಆರು ತಿಂಗಳಾದರೂ ಹೋಗದಿದ್ದರೆ ದೀರ್ಘಕಾಲದ ಸೋಂಕು ಅನ್ನುತ್ತಾರೆ. ವೈದ್ಯರು ವೈರಸ್‌ನ ಡಿಎನ್‌ಎ ಪ್ರಮಾಣ, ಲಿವರ್ ಕಿಣ್ವಗಳು, ಎಚ್‌ಬಿಇಎಜಿ (ವೈರಸ್ ಚುರುಕಾಗಿ ಹೆಚ್ಚುತ್ತಿದೆಯೇ ಅಂತ ಸೂಚಿಸುವ ಇನ್ನೊಂದು ಆಂಟಿಜನ್), ಲಿವರ್ ಸ್ಕ್ಯಾನ್ ನೋಡಿ ಚಿಕಿತ್ಸೆ ಈಗಲೇ ಬೇಕೋ, ಬರೀ ಗಮನಿಸುತ್ತಿದ್ದರೆ ಸಾಕೋ ಅಂತ ನಿರ್ಧರಿಸುತ್ತಾರೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಆದರೆ ಎಲ್ಲರಿಗೂ ನಿಗಾ ಬೇಕು, ಮೈ ಚೆನ್ನಾಗಿದೆ ಅನ್ನಿಸಿದರೂ ಸರಿ.

ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಲಿ. ಸೋಂಕು ಇಲ್ಲದವರು, ಮೊದಲೇ ರಕ್ಷಣೆ ಬಂದಿರದಿದ್ದರೆ, ಲಸಿಕೆ ಹಾಕಿಸಿಕೊಳ್ಳಲಿ. ಕುಡಿತ ಬಿಡಿ. ಮುಂದೆ ಯಾವಾಗಲಾದರೂ ಕೀಮೊಥೆರಪಿ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಶುರು ಮಾಡುವಂತಾದರೆ, ಈ ವಿಷಯವನ್ನು ಆ ವೈದ್ಯರಿಗೆ ಮರೆಯದೆ ಹೇಳಿ. ಮಲಗಿದ್ದ ವೈರಸ್ ಆಗ ಎದ್ದೇಳಬಹುದು.

ಒಟ್ಟಿಗೆ ಊಟ ಮಾಡಿದರೆ ಹರಡುತ್ತದಾ?

ಇಲ್ಲ. ತಟ್ಟೆ ಲೋಟದಿಂದ, ಅಪ್ಪಿಕೊಂಡರೆ, ಕೆಮ್ಮಿದರೆ ಹರಡುವುದಿಲ್ಲ. ರಕ್ತ, ಲೈಂಗಿಕ ಸಂಪರ್ಕ, ಹೆರಿಗೆ, ಒಬ್ಬರಿಗೆ ಬಳಸಿದ ಸೂಜಿ, ರೇಜರ್ ಇವುಗಳಿಂದ ಹರಡುತ್ತದೆ. ವಾಹಕರಿಗೆ ಬೇರೆ ತಟ್ಟೆ ಇಡುವುದು ಅವರ ಮನಸ್ಸು ನೋಯಿಸುತ್ತದೆಯೇ ಹೊರತು ಯಾರನ್ನೂ ಕಾಪಾಡುವುದಿಲ್ಲ.

ಇಷ್ಟೆಲ್ಲ ಸಂಶೋಧನೆ ಆದರೂ ಪೂರ್ತಿ ವಾಸಿ ಮಾಡುವ ಮದ್ದು ಯಾಕಿಲ್ಲ?

ಈ ವೈರಸ್ ತನ್ನ ಡಿಎನ್‌ಎಯನ್ನು ಲಿವರ್ ಕೋಶದ ಕೇಂದ್ರದೊಳಗೆ ಮುಚ್ಚಿದ ಉಂಗುರದ ರೂಪದಲ್ಲಿ ಇಟ್ಟುಬಿಡುತ್ತದೆ. ಈಗಿನ ಮಾತ್ರೆಗಳು ಹೊಸ ಪ್ರತಿಗಳು ತಯಾರಾಗುವುದನ್ನು ತಡೆಯುತ್ತವೆ, ಆದರೆ ಆ ಮೂಲ ಉಂಗುರವನ್ನು ಅಳಿಸಲಾರವು. ಅದಕ್ಕೇ ಹೆಚ್ಚಿನವರು ವರ್ಷಗಟ್ಟಲೆ ಮಾತ್ರೆ ತೆಗೆದುಕೊಳ್ಳಬೇಕು. ಹಾಗಂತ ಮಾತ್ರೆ ವ್ಯರ್ಥ ಅಂದುಕೊಳ್ಳಬೇಡಿ. ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಮತ್ತು ಕ್ಯಾನ್ಸರ್ ಅಪಾಯವನ್ನು ಅದು ನಿಜವಾಗಿ ತಗ್ಗಿಸುತ್ತದೆ. ಉಂಗುರವನ್ನೇ ಗುರಿಯಾಗಿಟ್ಟ ಔಷಧಗಳ ಹುಡುಕಾಟ ನಡೆದಿದೆ.

ಹೆಪಟೈಟಿಸ್ ಸಿ ಕೂಡ ಅವರದೇ ಶೋಧವಾ?

ಅಲ್ಲ. ಆದರೆ ಅವರ ಜೊತೆ ಆ ಮೊದಲ ಗೆರೆ ನೋಡಿದ್ದ ಹಾರ್ವಿ ಆಲ್ಟರ್ ಅದರಲ್ಲಿ ದೊಡ್ಡ ಪಾತ್ರ ವಹಿಸಿದರು. ಎ ಮತ್ತು ಬಿ ಎರಡನ್ನೂ ಪಕ್ಕಕ್ಕಿಟ್ಟ ಮೇಲೂ ರಕ್ತ ಪಡೆದವರಿಗೆ ಹೆಪಟೈಟಿಸ್ ಬರುತ್ತಿದೆ ಅಂತ ತೋರಿಸಿದವರಲ್ಲಿ ಅವರು ಮುಖ್ಯರು. 2020ರಲ್ಲಿ ಮೈಕಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಜೊತೆ ನೊಬೆಲ್ ಹಂಚಿಕೊಂಡರು.

ಜುಲೈ 28 ವಿಶ್ವ ಹೆಪಟೈಟಿಸ್ ದಿನ ಆಗಿದ್ದು ಯಾಕೆ?

ಬ್ಲಂಬರ್ಗ್ ಹುಟ್ಟಿದ ದಿನ ಅದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ 25 ಕೋಟಿ 40 ಲಕ್ಷ ಜನ ದೀರ್ಘಕಾಲದ ಹೆಪಟೈಟಿಸ್ ಬಿ ಜೊತೆ ಬದುಕುತ್ತಿದ್ದರು, 11 ಲಕ್ಷ ಜನ ಆ ವರ್ಷ ಅದರಿಂದ ಸತ್ತರು. 40 ವರ್ಷಕ್ಕೂ ಹಳೆಯ ಲಸಿಕೆ ಕೈಯಲ್ಲಿದ್ದೂ ಇಷ್ಟು ಸಾವು ಅನ್ನುವುದು ನನಗೆ ಸಹಿಸಲಾಗದ ಸಂಗತಿ.

ಅವರ ಪ್ರಬಂಧಗಳನ್ನು ಓದಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

1976ರ ಅವರ ನೊಬೆಲ್ ಉಪನ್ಯಾಸದಿಂದ. ನೊಬೆಲ್ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಭಾಷೆ ತಿಳಿಯಾಗಿದೆ, ತಪ್ಪಾದ ಊಹೆಗಳನ್ನೂ ಅವರು ಬಚ್ಚಿಟ್ಟಿಲ್ಲ. ಆಮೇಲೆ 1965 ಮತ್ತು 1967ರ ಪ್ರಬಂಧಗಳನ್ನು ಇದೇ ಕ್ರಮದಲ್ಲಿ ಓದಿ. ಹಿಂದುಮುಂದಾದರೆ ಮಜಾ ಹೋಗುತ್ತದೆ. 1988ರ ನೆಲನೆಲ್ಲಿ ಪ್ರಬಂಧ ಓದುವುದಾದರೆ 1990ರ ಥಾಯ್ಲೆಂಡ್ ಪತ್ರವನ್ನೂ ಅದೇ ದಿನ ಓದಿ.